ಬಿಲ್ ಇಟ್ಟು ಖರ್ಚು ಕಳೆಯೋದಾ, 44ಎಡಿ ಹಾಕೋದಾ? ಎಲೆಕ್ಟ್ರಿಷಿಯನ್‌ಗಳ ಆದಾಯ ತೆರಿಗೆಗೆ ಒಂದು ಹೋಲಿಕೆ

ರಿಟರ್ನ್ ಹಾಕುವ ಕಾಲ ಬಂತು ಅಂದರೆ ನಮ್ಮ ಹುಡುಗರದ್ದು ಒಂದೇ ಪ್ರಶ್ನೆ. "ಅಣ್ಣ, ಡ್ರಿಲ್ಲಿಂಗ್ ಮಷಿನ್ ತಗೊಂಡೆ, ದಿನಾ ಗಾಡಿಗೆ ಪೆಟ್ರೋಲ್ ಹಾಕಿಸ್ತೀನಿ, ಹೆಲ್ಪರ್‌ಗೆ ಕೂಲಿ ಕೊಡ್ತೀನಿ. ಇದನ್ನೆಲ್ಲ ಟ್ಯಾಕ್ಸ್‌ನಲ್ಲಿ ಕಳೀಬಹುದಾ?"

ಕಳೆಯಬಹುದು. ಆದರೆ ಎಲ್ಲರಿಗೂ ಆ ಅವಕಾಶ ಇಲ್ಲ. ಅವಕಾಶ ಇದ್ದವರಲ್ಲೂ ಎಲ್ಲರಿಗೆ ಅದರಿಂದ ಲಾಭ ಆಗುವುದಿಲ್ಲ. ನಾನು ಐಟಿಐ ಮುಗಿಸಿ ತುಮಕೂರಿನಲ್ಲಿ ಹೆಲ್ಪರ್ ಆಗಿ ಶುರು ಮಾಡಿದವನು. ಸ್ಲ್ಯಾಬ್ ಪೈಪ್ ಹಾಕುವುದರಿಂದ ಹಿಡಿದು ಲೈಸೆನ್ಸ್ ತಗೊಂಡು ಕಾಂಟ್ರಾಕ್ಟ್ ಮಾಡುವವರೆಗೆ ಬಂದಿದ್ದೇನೆ. ಈ ತೆರಿಗೆ ಲೆಕ್ಕ ನನಗೆ ಅರ್ಥ ಆಗೋಕೆ ಎಷ್ಟೋ ವರ್ಷ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಅಂತ ಬರೆಯುತ್ತಿದ್ದೇನೆ.

ಇಲ್ಲಿರುವ ಅಂಕಿಗಳೆಲ್ಲ 2025-26ರ ಆರ್ಥಿಕ ವರ್ಷದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಖರ್ಚು ಲೆಕ್ಕ ಹಾಕದೆ ವಹಿವಾಟಿನ ಇಂತಿಷ್ಟು ಪಾಲನ್ನು ಲಾಭ ಅಂತ ತೋರಿಸುವ ದಾರಿ, ಅಂದರೆ 44ಎಡಿ ಅಂತ ನಾವು ಕರೆಯುವುದು ಅದರಲ್ಲಿ 58ನೇ ಸೆಕ್ಷನ್‌ಗೆ ಹೋಗಿದೆ. ಬಾಯಿಗೆ ರೂಢಿಯಾದ ಹಳೇ ನಂಬರನ್ನೇ ಇಲ್ಲಿ ಬಳಸುತ್ತೇನೆ.

ಮೊದಲು ನೀವು ಯಾವ ಸಾಲಿನವರು ನೋಡಿಕೊಳ್ಳಿ

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ತಿಂಗಳ ಸಂಬಳಕ್ಕೆ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್ ಆಗಿದ್ದೀರಾ? ಹಾಗಿದ್ದರೆ ಖರ್ಚಿನ ಬಿಲ್ ಜೋಡಿಸಿಡುವ ಶ್ರಮ ಬೇಡ. ಸಂಬಳದವರಿಗೆ ಟೆಸ್ಟರ್, ಕ್ಲ್ಯಾಂಪ್ ಮೀಟರ್, ಶೂ ಇದ್ಯಾವುದನ್ನೂ ಕಳೆಯಲು ಕಾನೂನಿನಲ್ಲಿ ಜಾಗ ಇಲ್ಲ. ತೆರಿಗೆ ಲೆಕ್ಕಕ್ಕೆ ಹೊಸದು, ಹಳೆಯದು ಅಂತ ಎರಡು ಪದ್ಧತಿ ಇವೆ, ಒಂದನ್ನು ನಾವೇ ಆರಿಸಿಕೊಳ್ಳಬೇಕು. ಖರ್ಚಿನ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ ಹೊಸ ಪದ್ಧತಿಯಲ್ಲಿ 75 ಸಾವಿರ, ಹಳೇ ಪದ್ಧತಿಯಲ್ಲಿ 50 ಸಾವಿರ ಬಿಲ್ ಇಲ್ಲದೇ ಸಿಗುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತದೆ. ಹಾಗಾಗಿ ವರ್ಷಕ್ಕೆ 12 ಲಕ್ಷ 75 ಸಾವಿರ ಸಂಬಳ ಇದ್ದರೂ ಕಟ್ಟುವುದೇನೂ ಇಲ್ಲ. ಕೈಯಿಂದ ದುಡ್ಡು ಹಾಕಿ ಟೂಲ್ಸ್ ತರುತ್ತಿದ್ದರೆ ಅದನ್ನು ಕಂಪನಿಯಿಂದ ಕೇಳಿ ತಗೊಳ್ಳಿ. ಅಲ್ಲಿ ಬಿಟ್ಟ ದುಡ್ಡು ರಿಟರ್ನ್‌ನಲ್ಲಿ ವಾಪಸ್ ಬರುವುದಿಲ್ಲ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಸಂಬಳದವರು ಭಾನುವಾರ ಹೊರಗೆ ಮನೆ ವೈರಿಂಗ್ ಮಾಡಿದರೆ ಅದು ಬಿಸಿನೆಸ್ ಆದಾಯ. ಸಂಬಳದ ಸರಳ ಫಾರಂ ಆದ ಐಟಿಆರ್-1ರಲ್ಲಿ ಅದನ್ನು ತೋರಿಸಲು ಬರುವುದಿಲ್ಲ. 44ಎಡಿಯಲ್ಲಿ ತೋರಿಸುವುದಾದರೆ ಐಟಿಆರ್-4, ನಿಜವಾದ ಖರ್ಚು ಕಳೆಯುವುದಾದರೆ ಐಟಿಆರ್-3 ಹಾಕಬೇಕು. ಬಿಲ್ಡರ್ ಕೊಟ್ಟ ದುಡ್ಡಿನಲ್ಲಿ ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದಿದ್ದರೆ ಅದು ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಸರ್ಕಾರಿ ಪಟ್ಟಿಯಾದ 26ಎಎಸ್‌ನಲ್ಲಿ ಕೂತಿರುತ್ತದೆ, ಮುಚ್ಚಿಡೋಕೆ ಆಗುವುದಿಲ್ಲ.

ಸ್ವಂತವಾಗಿ ಕೆಲಸ ಮಾಡುವವರಿಗೆ ಎರಡು ದಾರಿ ಇವೆ. ಒಂದು, ಲೆಕ್ಕದ ಪುಸ್ತಕ ಇಟ್ಟು, ಬಂದಿದ್ದರಲ್ಲಿ ನಿಜವಾದ ಖರ್ಚು ಕಳೆದು, ಉಳಿದಿದ್ದಕ್ಕೆ ತೆರಿಗೆ ಕಟ್ಟುವುದು. ಇನ್ನೊಂದು 44ಎಡಿ. ಇದರಲ್ಲಿ ಖರ್ಚಿನ ಪ್ರಶ್ನೆಯೇ ಇಲ್ಲ. ಒಟ್ಟು ವಹಿವಾಟಿನಲ್ಲಿ ನಗದಾಗಿ ಬಂದಿದ್ದರ ಶೇ. 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದಿದ್ದರ ಶೇ. 6 ನಿಮ್ಮ ಲಾಭ ಅಂತ ಸರ್ಕಾರವೇ ಎಣಿಸುತ್ತದೆ. ಉಳಿದ ಶೇ. 92 ಅಥವಾ ಶೇ. 94ರಲ್ಲಿ ಪೆಟ್ರೋಲ್, ಕೂಲಿ, ಮಷಿನ್ ಎಲ್ಲ ಬಂತು ಅಂತ ಅರ್ಥ. ವಹಿವಾಟು 2 ಕೋಟಿಯವರೆಗೆ ಇದಕ್ಕೆ ಹೋಗಬಹುದು. ನಗದು ಶೇ. 5ಕ್ಕಿಂತ ಹೆಚ್ಚಿಲ್ಲದಿದ್ದರೆ 3 ಕೋಟಿಯವರೆಗೂ ಆಗುತ್ತದೆ.

44ಎಡಿಎ ಅಂತ ಇನ್ನೊಂದಿದೆ. ಅದರಲ್ಲಿ ಬಂದಿದ್ದರ ಅರ್ಧ ಲಾಭ ಅಂತ ತೋರಿಸಬೇಕು. ಅದು ಡಾಕ್ಟರ್, ಲಾಯರ್, ಇಂಜಿನಿಯರ್, ಆರ್ಕಿಟೆಕ್ಟ್, ಅಕೌಂಟೆಂಟ್ ತರಹದ ಪಟ್ಟಿಯಲ್ಲಿರುವ ವೃತ್ತಿಗಳಿಗೆ ಇರುವುದು. ವೈರಿಂಗ್ ಕೆಲಸ ಆ ಪಟ್ಟಿಯಲ್ಲಿಲ್ಲ. ನನ್ನ ಮೊದಲ ರಿಟರ್ನ್ ಹಾಕಿಕೊಟ್ಟವರು "ಟೆಕ್ನಿಕಲ್ ಕೆಲಸ ಅಲ್ವಾ" ಅಂತ ಅದರಲ್ಲೇ ಹಾಕಿಬಿಟ್ಟಿದ್ದರು. ಎರಡು ವರ್ಷ ಹಾಗೇ ನಡೆಯಿತು. ನಿಮ್ಮ ಹಳೇ ರಿಟರ್ನ್ ತೆಗೆದು ಯಾವ ಸೆಕ್ಷನ್‌ನಲ್ಲಿದೆ ಅಂತ ಒಮ್ಮೆ ನೋಡಿ.

ಬರೀ ಲೇಬರ್ ಮಾಡುವವರ ಲೆಕ್ಕ

ಪಾಯಿಂಟ್ ರೇಟ್‌ಗೋ ಸ್ಕ್ವೇರ್‌ಫೀಟ್ ರೇಟ್‌ಗೋ ಒಪ್ಪಿಕೊಂಡು, ಸಾಮಾನು ಓನರ್ ತಂದುಕೊಟ್ಟು, ಕೂಲಿ ಮಾತ್ರ ತಗೊಳ್ಳುವವರು ನಮ್ಮಲ್ಲಿ ಜಾಸ್ತಿ. ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 7,20,000 ಬಂತು. ಅದರಲ್ಲಿ 4,20,000 ಫೋನ್‌ಪೇ, 3,00,000 ಕೈಗೆ. 44ಎಡಿ ಪ್ರಕಾರ ಶೇ. 6ರಂತೆ 25,200, ಶೇ. 8ರಂತೆ 24,000, ಒಟ್ಟು 49,200 ಲಾಭ.

ಈಗ ನಿಜವಾದ ಖರ್ಚು ನೋಡಿ. ಹೆಲ್ಪರ್ ಕೂಲಿ 1,44,000. ಪೆಟ್ರೋಲ್ 36,000. ಟೂಲ್ಸ್, ಬ್ಲೇಡ್, ಬಿಟ್ 18,000. ಫೋನ್ 6,000. ಒಟ್ಟು 2,04,000. ಉಳಿದಿದ್ದು 5,16,000.

ಒಂದು ಕಡೆ ಸುಮಾರು 49 ಸಾವಿರ, ಇನ್ನೊಂದು ಕಡೆ 5 ಲಕ್ಷದ ಮೇಲೆ. ಇಷ್ಟು ವ್ಯತ್ಯಾಸ ನೋಡಿ ಎಲ್ಲರೂ 49 ಸಾವಿರದ ಕಡೆ ಓಡುತ್ತಾರೆ. ಆದರೆ ತೆರಿಗೆ ಎಷ್ಟು ಅಂತ ನೋಡಿ. ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯಲ್ಲಿ 49,200ಕ್ಕೂ ಸೊನ್ನೆ, 5,16,000ಕ್ಕೂ ಸೊನ್ನೆ. 12 ಲಕ್ಷ ಮುಟ್ಟುವವರೆಗೆ ಎರಡೂ ಒಂದೇ.

ಕಾನೂನಿನ ಮಾತನ್ನೂ ಪೂರ್ತಿ ಓದಬೇಕು. ಶೇ. 8 "ಅಥವಾ ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಆ ಹೆಚ್ಚಿನ ಮೊತ್ತ" ಅನ್ನುವ ಅರ್ಥ ಅದರಲ್ಲಿದೆ. ಶೇ. 8 ಅನ್ನುವುದು ಕನಿಷ್ಠದ ಗೆರೆ ಅಷ್ಟೇ. ಅದಕ್ಕಿಂತ ಮೇಲೆ ತೋರಿಸಲು ಯಾವ ಅಡ್ಡಿಯೂ ಇಲ್ಲ. ನಾನಂತೂ ನಿಜವಾಗಿ ಉಳಿದಿದ್ದನ್ನೇ 44ಎಡಿಯಲ್ಲಿ ತೋರಿಸಿ ಅಂತ ಹೇಳುತ್ತೇನೆ. ತೆರಿಗೆ ಇಲ್ಲದಿರುವಾಗ ಕಡಿಮೆ ತೋರಿಸಿ ಸಿಗುವುದಾದರೂ ಏನು?

ಕಳೆದುಕೊಳ್ಳುವುದು ಮಾತ್ರ ಇದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗುಬ್ಬಿ ಕಡೆಯ ಹುಡುಗನೊಬ್ಬ ಸೈಟ್ ತಗೊಂಡು ಮನೆ ಕಟ್ಟೋಕೆ ಸಾಲಕ್ಕೆ ಹೋದ. ಮೂರು ವರ್ಷದ ರಿಟರ್ನ್ ಕೇಳಿದರು. ಮೂರೂ ವರ್ಷ ಐವತ್ತು, ಅರವತ್ತು ಸಾವಿರ ಆದಾಯ. ವರ್ಷಕ್ಕೆ ಅರವತ್ತು ಸಾವಿರ ದುಡಿಯುವವನು ತಿಂಗಳಿಗೆ ಹನ್ನೆರಡು ಸಾವಿರ ಕಂತು ಹೇಗೆ ಕಟ್ಟುತ್ತಾನೆ ಅಂತ ಮ್ಯಾನೇಜರ್ ಕೇಳಿದರೆ ಅವನ ಬಳಿ ಉತ್ತರ ಇರಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಮನೆ ಬಿಡುವ, ಕೈತುಂಬ ಕೆಲಸ ಇರುವ ಹುಡುಗ ಅವನು. ಕಾಗದದ ಮೇಲೆ ಬಡವನಾಗಿ ನಿಂತಿದ್ದ. ಬ್ಯಾಂಕಿಗೆ ಬೇಕಾಗಿದ್ದು ಆ ಕಾಗದ ತಾನೇ. ಕೊನೆಗೆ ಹೆಚ್ಚಿನ ಬಡ್ಡಿಗೆ ಹೊರಗಡೆ ಸಾಲ ಮಾಡಿದ.

ಸಾಮಾನು ಸಮೇತ ಒಪ್ಪಿಕೊಳ್ಳುವವರು

ಇಲ್ಲಿ ಲೆಕ್ಕ ಬೇರೆ. ಲೇಬರ್‌ನವರಿಗೆ ಶೇ. 8 ಅಂದರೆ ತುಂಬಾ ಕಡಿಮೆ. ವೈರ್, ಸ್ವಿಚ್, ಪೈಪ್, ಡಿಬಿ ಬಾಕ್ಸ್ ಎಲ್ಲ ಹಾಕಿ ಕೆಲಸ ಮಾಡುವವರಿಗೆ ಅದೇ ಶೇ. 8 ಜಾಸ್ತಿಯಾಗಬಹುದು. ತಾಮ್ರದ ರೇಟ್ ಏರಿದ ವರ್ಷ ಶೇ. 5 ಉಳಿದರೆ ದೊಡ್ಡದು. ಆಗ ಪುಸ್ತಕದ ದಾರಿ ನಿಜಕ್ಕೆ ಹತ್ತಿರ ಇರುತ್ತದೆ.

2019ರಲ್ಲಿ ಕ್ಯಾತ್ಸಂದ್ರದ ಕಡೆ ಒಂದು ಕಟ್ಟಡಕ್ಕೆ ನಾನೇ ಸಾಮಾನು ಹಾಕಿದ್ದೆ. 1 ಲಕ್ಷ 80 ಸಾವಿರ ಬರಬೇಕಿತ್ತು. ಓನರ್ ಕೈ ಎತ್ತಿದರು. ಆ ವರ್ಷ ನನಗೆ ಉಳಿದಿದ್ದು ಸಾಲ ಮಾತ್ರ. ಆದರೆ ನಾನು 44ಎಡಿಯಲ್ಲಿದ್ದೆ. ಅಲ್ಲಿ ನಷ್ಟ ಅನ್ನುವುದೇ ಇಲ್ಲ, ಬಂದಷ್ಟು ದುಡ್ಡಿನ ಮೇಲೆ ಲಾಭ ತೋರಿಸಲೇಬೇಕು. ಪುಸ್ತಕ ಇಟ್ಟಿದ್ದರೆ ಆ ನಷ್ಟವನ್ನು ದಾಖಲಿಸಿ, ಮುಂದಿನ 8 ವರ್ಷದ ಬಿಸಿನೆಸ್ ಲಾಭದಲ್ಲಿ ಕಳೆಯಬಹುದಿತ್ತು. ಅದಕ್ಕೆ ರಿಟರ್ನ್ ಗಡುವಿನೊಳಗೆ ಹಾಕಿರಬೇಕು ಅನ್ನುವ ಷರತ್ತಿದೆ. ಒಂದು ದಿನ ತಡವಾದರೂ ನಷ್ಟ ಮುಂದಕ್ಕೆ ಹೋಗುವುದಿಲ್ಲ.

ಹಾಗಂತ ಈ ವರ್ಷ ಅದು, ಮುಂದಿನ ವರ್ಷ ಇದು ಅಂತ ಹಾರಾಡೋಕೆ ಬರುವುದಿಲ್ಲ. ಒಮ್ಮೆ 44ಎಡಿಗೆ ಹೋದರೆ ಮುಂದಿನ 5 ವರ್ಷ ಅದರಲ್ಲೇ ಇರಬೇಕು. ನಡುವೆ ಬಿಟ್ಟು ಕಡಿಮೆ ಲಾಭ ತೋರಿಸಿದರೆ, ಆಮೇಲಿನ 5 ವರ್ಷ ವಾಪಸ್ ಬರುವಂತಿಲ್ಲ. ಆ ಅವಧಿಯಲ್ಲಿ ಆದಾಯ ತೆರಿಗೆಯ ಮೂಲ ಮಿತಿ ದಾಟಿದರೆ ಪುಸ್ತಕ, ಆಡಿಟ್ ಎರಡೂ ಬೇಕು. ಹೊಸ ಪದ್ಧತಿಯಲ್ಲಿ ಆ ಮಿತಿ 4 ಲಕ್ಷ. ಆಡಿಟ್ ಫೀಸು ಲೆಕ್ಕ ಹಾಕಿದರೆ ಎಷ್ಟೋ ಸಲ ಉಳಿಸಿದ ತೆರಿಗೆಗಿಂತ ಅದೇ ಜಾಸ್ತಿ ಆಗುತ್ತದೆ. ಅದಕ್ಕೇ ಮೊದಲ ಸಲ ರಿಟರ್ನ್ ಹಾಕುವಾಗಲೇ ಯೋಚಿಸಿ ಕಾಲಿಡಿ.

ಪುಸ್ತಕದ ದಾರಿ ಹಿಡಿದವರು ಏನೇನು ಕಳೆಯಬಹುದು? ಹೆಲ್ಪರ್ ಕೂಲಿ, ಸಾಮಾನು, ಅಂಗಡಿ ಬಾಡಿಗೆ, ಕಾಂಟ್ರಾಕ್ಟರ್ ಲೈಸೆನ್ಸ್ ನವೀಕರಣದ ಶುಲ್ಕ, ಕೆಲಸಕ್ಕೆ ಬಳಸಿದಷ್ಟು ಫೋನ್ ಬಿಲ್, ಸಾಲದ ಬಡ್ಡಿ, ಮಷಿನ್ ರಿಪೇರಿ. ರಬ್ಬರ್ ಗ್ಲೌಸ್, ಸೇಫ್ಟಿ ಶೂ ಆಗುತ್ತದೆ, ಮಾಮೂಲಿ ಪ್ಯಾಂಟು ಶರ್ಟು ಆಗುವುದಿಲ್ಲ. ಟ್ರಾಫಿಕ್ ಪೊಲೀಸರಿಗೆ ಕಟ್ಟಿದ ದಂಡವೂ ಆಗುವುದಿಲ್ಲ. ಎಲ್‌ಐಸಿ ಕಂತು ಬಿಸಿನೆಸ್ ಖರ್ಚಲ್ಲ.

ಮಷಿನ್, ಗಾಡಿ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. 12,000 ಕೊಟ್ಟು ತಂದ ಹ್ಯಾಮರ್ ಡ್ರಿಲ್ ಅನ್ನು ಒಂದೇ ವರ್ಷದಲ್ಲಿ ಪೂರ್ತಿ ಕಳೆಯಲು ಬರುವುದಿಲ್ಲ. ವರ್ಷಕ್ಕೆ ಶೇ. 15ರಂತೆ ಸವಕಳಿ, ಮೊದಲ ವರ್ಷ 1,800. ಬಳಸಿದ್ದು 180 ದಿನಕ್ಕಿಂತ ಕಡಿಮೆ ಇದ್ದರೆ ಅದರ ಅರ್ಧ. 95,000 ಬೈಕ್ ಇದ್ದರೆ ಶೇ. 15 ಅಂದರೆ 14,250. ಅದೇ ಬೈಕ್‌ನಲ್ಲಿ ಮಗಳನ್ನು ಸ್ಕೂಲಿಗೆ ಬಿಡುತ್ತೀರಿ, ಊರಿಗೆ ಹೋಗುತ್ತೀರಿ ಅಲ್ವಾ? ಅರ್ಧ ಮನೆಗೆ ಅಂತ ಬಿಟ್ಟರೆ 7,125 ಮಾತ್ರ. ಪೆಟ್ರೋಲ್, ಇನ್ಶೂರೆನ್ಸ್ ಎಲ್ಲಕ್ಕೂ ಅದೇ ಪಾಲು. ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ತರಹದ ಚಿಲ್ಲರೆ ಟೂಲ್ಸ್ ಆ ವರ್ಷದ ಖರ್ಚಿಗೇ ಹಾಕುತ್ತಾರೆ.

ನಗದಿನ ನಿಯಮ ಇನ್ನೂ ಬಿಗಿ. ಒಂದೇ ದಿನ ಒಬ್ಬರಿಗೆ 10,000 ದಾಟಿ ನಗದು ಕೊಟ್ಟರೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಶನಿವಾರ ಹುಡುಗರಿಗೆ ಕೊಡುವ ಬಟವಾಡೆಗೆ ಇದು ತೊಂದರೆ ಮಾಡುವುದಿಲ್ಲ, ತಲೆಗೆ ಅಷ್ಟು ಆಗುವುದಿಲ್ಲವಲ್ಲ. ತೊಂದರೆ ಆಗುವುದು ಅಂಗಡಿಯಲ್ಲಿ. 35,000 ರೂಪಾಯಿಯ ವೈರ್ ಬಂಡಲ್ ತಗೊಂಡು, ಸ್ವಲ್ಪ ಕಡಿಮೆ ಮಾಡುತ್ತಾರೆ ಅಂತ ನೋಟು ಎಣಿಸಿ ಕೊಟ್ಟರೆ, ಆ 35,000 ಪೂರ್ತಿ ನಿಮ್ಮ ಲಾಭಕ್ಕೆ ಸೇರುತ್ತದೆ. ಅಂಗಡಿಯವರು ಬಿಟ್ಟ ಐನೂರು ರೂಪಾಯಿಗೆ ಇದು ಬೇಕಾ? ತಗೊಳ್ಳುವಾಗಲೂ ಎಚ್ಚರ ಇರಲಿ. ಒಂದು ಮನೆಯ ಕೆಲಸಕ್ಕೆ ಅಂತ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ತಗೊಳ್ಳುವಂತಿಲ್ಲ. ನಾಲ್ಕು ಕಂತಲ್ಲಿ ತಗೊಂಡರೂ ಕೆಲಸ ಒಂದೇ ಅಂತ ಎಣಿಸಬಹುದು. ತಗೊಂಡಷ್ಟೇ ಮೊತ್ತ ದಂಡ ಬೀಳುತ್ತದೆ. ಈ ನಿಯಮ 44ಎಡಿಯವರಿಗೂ ಇದೆ.

ಓನರ್ ದುಡ್ಡು ನಿಮ್ಮ ಅಕೌಂಟಿಗೆ ಬಂದಾಗ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಲೇಬರ್ ಕೆಲಸವೇ ಒಪ್ಪಿಕೊಂಡಿರುತ್ತೀರಿ. ಓನರ್ ಬೆಂಗಳೂರಿನಲ್ಲಿರುತ್ತಾರೆ. "ನೀವೇ ತುಮಕೂರಿನ ಎಂ.ಜಿ. ರೋಡ್‌ನಲ್ಲಿ ಸಾಮಾನು ತಗೊಂಡುಬಿಡಿ, ದುಡ್ಡು ಕಳಿಸ್ತೀನಿ" ಅಂತ 60,000 ಫೋನ್‌ಪೇ ಮಾಡುತ್ತಾರೆ. ನೀವು ಅಷ್ಟನ್ನೂ ಅಂಗಡಿಗೆ ಕೊಡುತ್ತೀರಿ. ನಿಮಗೆ ಒಂದು ರೂಪಾಯಿ ಉಳಿದಿಲ್ಲ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ನಿಮಗೆ 60,000 ಬಂದಿದೆ.

ವರ್ಷಕ್ಕೆ ಹದಿನೈದು ಮನೆ ಹೀಗೆ ಆದರೆ 9 ಲಕ್ಷ. ನಿಮ್ಮ ಕೂಲಿ 7 ಲಕ್ಷ ಇದ್ದಿದ್ದು, ನೋಡುವವರಿಗೆ 16 ಲಕ್ಷ. ಜಿಎಸ್‌ಟಿ ನೋಂದಣಿ ಕಡ್ಡಾಯ ಆಗುವ ಗೆರೆ ಸೇವೆ ಕೊಡುವವರಿಗೆ 20 ಲಕ್ಷ. ನಾಲ್ಕು ಮನೆ ಜಾಸ್ತಿ ಮಾಡಿದರೆ ಕಾಗದದ ಮೇಲೆ ಅದರ ಹತ್ತಿರ ಬಂದಿರುತ್ತೀರಿ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದಿದ್ದು ನೆನಪಿದೆ ಅಲ್ವಾ? ಬೇಕರಿ, ಟೀ ಅಂಗಡಿಯವರು ಬೋರ್ಡ್ ಹಾಕಿ "ನಗದು ಮಾತ್ರ" ಅಂದರು. ಹೆದರಿ ಯುಪಿಐ ಬಿಡುವುದು ನಮಗೆ ಪರಿಹಾರ ಅಲ್ಲ. ಯುಪಿಐ ಬಿಟ್ಟರೆ ಶೇ. 6 ಹೋಗಿ ಶೇ. 8 ಬರುತ್ತದೆ.

ಸಾಮಾನಿನ ದುಡ್ಡನ್ನು ಓನರ್ ನೇರ ಅಂಗಡಿಗೇ ಕಳಿಸಲಿ. ಈಗ ಎಲ್ಲಾ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಅದರ ಫೋಟೋ ಕಳಿಸಿದರೆ ಮುಗಿಯಿತು. ಬಿಲ್ಲೂ ಓನರ್ ಹೆಸರಿನಲ್ಲೇ ಆಗಲಿ. ಅವರಿಗೆ ಸ್ವಿಚ್, ಫ್ಯಾನ್ ವಾರಂಟಿಗೂ ಅದೇ ಒಳ್ಳೆಯದು. ಹಾಗೂ ನಿಮ್ಮ ಅಕೌಂಟಿಗೇ ಬಂದರೆ, ಓನರ್ ಹೆಸರಿನ ಬಿಲ್ ಮತ್ತು ಅವರ ವಾಟ್ಸಾಪ್ ಮೆಸೇಜ್ ಎರಡನ್ನೂ ಜೋಡಿಸಿ ಇಟ್ಟುಕೊಳ್ಳಿ. ಜೊತೆಗೆ ಕೆಲಸದ ದುಡ್ಡಿಗೆ ಒಂದು ಅಕೌಂಟ್, ಮನೆಗೆ ಇನ್ನೊಂದು. ಬಾಮೈದ ವಾಪಸ್ ಕೊಟ್ಟ ಕೈಸಾಲ, ಚೀಟಿ ದುಡ್ಡು ಎಲ್ಲ ಒಂದೇ ಕಡೆ ಬಿದ್ದರೆ ಎರಡು ವರ್ಷ ಆದಮೇಲೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಇಬ್ಬರು ಸೇರಿ ಫರ್ಮ್ ಮಾಡಿದ್ದರೆ

ಪಾರ್ಟ್‌ನರ್‌ಶಿಪ್ ಫರ್ಮ್‌ಗೆ 4 ಲಕ್ಷದ ವಿನಾಯಿತಿ ಇಲ್ಲ, 12 ಲಕ್ಷದ ರಿಯಾಯಿತಿಯೂ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ. 30, ಸೆಸ್ ಸೇರಿ ಶೇ. 31.2. ಖರ್ಚು ಕಳೆಯುವುದು ನಿಜವಾಗಿ ದುಡ್ಡು ಉಳಿಸುವುದು ಇಲ್ಲೇ.

60 ಲಕ್ಷ ವಹಿವಾಟು, ಪೂರ್ತಿ ಬ್ಯಾಂಕ್ ಮೂಲಕ ಅಂತ ಇಟ್ಟುಕೊಳ್ಳಿ. 44ಎಡಿಯಲ್ಲಿ ಶೇ. 6 ಅಂದರೆ 3,60,000 ಲಾಭ, ತೆರಿಗೆ 1,12,320. ಪುಸ್ತಕ ಇಟ್ಟು ಖರ್ಚು ಕಳೆದ ಮೇಲೆ 5,00,000 ಉಳಿಯಿತು ಅನ್ನಿ. ದುಡಿಯುವ ಪಾಲುದಾರರಿಗೆ ಸಂಬಳ ಕೊಡಲು ಕರಾರಿನಲ್ಲಿ ಬರೆದಿದ್ದರೆ ಅದರಲ್ಲಿ ಶೇ. 90ರವರೆಗೆ, ಅಂದರೆ 4,50,000 ಸಂಬಳವಾಗಿ ಕಳೆಯಬಹುದು. ಫರ್ಮ್‌ಗೆ ಉಳಿಯುವುದು 50,000, ತೆರಿಗೆ 15,600. ಇಬ್ಬರಿಗೂ ತಲಾ 2,25,000 ಬರುತ್ತದೆ. ಬೇರೆ ಆದಾಯ ಇಲ್ಲದಿದ್ದರೆ ಅವರಿಗೆ ತೆರಿಗೆ ಇಲ್ಲ. 44ಎಡಿಯಲ್ಲಿ ಈ ಸಂಬಳ ಕಳೆಯಲು ಬಿಡುವುದಿಲ್ಲ. 2025ರ ಏಪ್ರಿಲ್‌ನಿಂದ ಪಾಲುದಾರರ ಸಂಬಳ ವರ್ಷಕ್ಕೆ 20,000 ದಾಟಿದರೆ ಫರ್ಮ್ ಶೇ. 10 ಟಿಡಿಎಸ್ ಹಿಡಿಯಬೇಕು. ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ. ಫರ್ಮ್ ಮೊದಲೇ 44ಎಡಿಗೆ ಹೋಗಿದ್ದರೆ ಆ 5 ವರ್ಷದ ನಿಯಮ ಮತ್ತು ಆಡಿಟ್ ಇಲ್ಲಿಯೂ ಅಡ್ಡ ಬರುತ್ತದೆ. ಫರ್ಮ್ ಮಾಡುವ ಮೊದಲೇ ಒಬ್ಬ ಒಳ್ಳೆಯ ಸಿಎ ಹತ್ತಿರ ಕೂತು ಮಾತಾಡಿ.

ಇನ್ನೆರಡು ಮಾತು

ಹಳೇ ಪದ್ಧತಿಯೋ ಹೊಸದೋ ಅನ್ನುವುದಕ್ಕೆ ನಮ್ಮವರಲ್ಲಿ ಹೆಚ್ಚಿನವರಿಗೆ ಹೊಸದೇ ಸರಿ. ಹಳೆಯದರಲ್ಲಿ ರಿಯಾಯಿತಿ 5 ಲಕ್ಷದವರೆಗಿನ ಆದಾಯಕ್ಕೆ ಮಾತ್ರ. ಬಿಸಿನೆಸ್ ಆದಾಯದವರು ಹಳೆಯದಕ್ಕೆ ಹೋಗಲು 10-ಐಇಎ ಫಾರಂ ಹಾಕಬೇಕು. ಒಮ್ಮೆ ಹೋಗಿ ಹೊಸದಕ್ಕೆ ವಾಪಸ್ ಬಂದರೆ ಮತ್ತೆ ಹೋಗುವಂತಿಲ್ಲ.

ಟಿಡಿಎಸ್ ವಾಪಸ್ ಪಡೆಯುವುದನ್ನು ಮಾತ್ರ ಬಿಡಬೇಡಿ. ಕಂಪನಿಯೋ ಬಿಲ್ಡರೋ ಒಂದು ಬಿಲ್ಲಿಗೆ 30,000 ಅಥವಾ ವರ್ಷಕ್ಕೆ 1 ಲಕ್ಷ ದಾಟಿ ಕೊಟ್ಟರೆ ಶೇ. 1 ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ. 20 ಹಿಡಿಯುತ್ತಾರೆ. 3,60,000 ಕೆಲಸಕ್ಕೆ ಶೇ. 1 ಅಂದರೆ 3,600. ನಿಮಗೆ ತೆರಿಗೆಯೇ ಇಲ್ಲದಿದ್ದರೆ ಅದು ನಿಮ್ಮದೇ ದುಡ್ಡು. ರಿಟರ್ನ್ ಹಾಕದೆ ಅದು ಕೈಗೆ ಬರುವುದಿಲ್ಲ. ಪಾವಗಡದ ಸೋಲಾರ್ ಪಾರ್ಕ್ ಕೆಲಸಕ್ಕೆ ಹೋಗಿ ಬಂದ ಹುಡುಗರಲ್ಲಿ ಎಷ್ಟೋ ಜನ 26ಎಎಸ್ ತೆಗೆದು ನೋಡಿಯೇ ಇಲ್ಲ. ನೋಡಿದ ದಿನ ಮುಖ ಅರಳುತ್ತದೆ.

ಬಿಲ್ ಇಡುವವರಿಗೆ ನನ್ನ ಅನುಭವದ ಒಂದು ವಿಷಯ. ಅಂಗಡಿಯಲ್ಲಿ ಮಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ ಬಿಸಿಲಿಗೆ ಅಳಿಸಿಹೋಗುತ್ತದೆ. ಒಂದು ಬೇಸಿಗೆ ಪೂರ್ತಿ ಬೈಕ್ ಬಾಕ್ಸ್‌ನಲ್ಲಿ ಕೂಡಿಟ್ಟಿದ್ದೆ. ಜೂನ್‌ನಲ್ಲಿ ತೆಗೆದಾಗ ಕೆಲವು ಪೂರ್ತಿ ಬಿಳಿ, ಕೆಲವು ಕಪ್ಪಗಾಗಿದ್ದವು. ಒಂದರಲ್ಲಿ ಅಂಗಡಿ ಹೆಸರು ಉಳಿದಿತ್ತು, ಮೊತ್ತ ಇರಲಿಲ್ಲ. ಈಗ ಅಂಗಡಿ ಮೆಟ್ಟಿಲು ಇಳಿಯುವ ಮೊದಲೇ ಫೋಟೋ ತೆಗೆದು, ಯಾವ ಮನೆ ಕೆಲಸ ಅಂತ ಕೆಳಗೆ ಒಂದು ಸಾಲು ಟೈಪ್ ಮಾಡಿ, ನನ್ನದೇ ನಂಬರಿಗೆ ವಾಟ್ಸಾಪ್ ಕಳಿಸಿಕೊಳ್ಳುತ್ತೇನೆ. ಹೆಲ್ಪರ್ ಕೂಲಿಗೆ ನೂರು ಪುಟದ ನೋಟ್‌ಬುಕ್ ಇದೆ. ಶನಿವಾರ ಸಂಜೆ ದುಡ್ಡು ಕೊಡುವಾಗ ತಾರೀಖು, ಎಷ್ಟು ದಿನದ ಕೂಲಿ, ಮೊತ್ತ ಬರೆದು ಹುಡುಗನ ಕೈಲಿ ಸೈನ್ ಹಾಕಿಸುತ್ತೇನೆ.